ಟ್ರೇಲ್ ಬೈಕಿನಲ್ಲಿ ಮೋಟೋಕ್ರಾಸ್ ಟ್ರ್ಯಾಕಿಗೆ ಇಳಿಯಬಹುದೇ? ಫಾರ್ವರ್ಡ್ ಸಲಹೆಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು

ಮಣ್ಣಿನ ದಿಬ್ಬ ಹತ್ತಿದ ಬೈಕೊಂದು ಗಾಳಿಯಲ್ಲಿ ತೇಲಿ ಆಚೆ ಬದಿಗೆ ಇಳಿಯುವ ಹದಿನೈದು ಸೆಕೆಂಡಿನ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಅದರ ಕೆಳಗೆ ಸಲಹೆಗಳೂ ಇರುತ್ತವೆ. "ಸ್ಪೀಡ್ ಕೊಟ್ಟರೆ ಸಾಕು, ಬೈಕ್ ತಾನೇ ಹಾರುತ್ತೆ." "ಮಣ್ಣಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬೇಡಿ." "ಕೆಳಗೆ ಮಣ್ಣು ತಾನೆ, ಬಿದ್ದರೂ ಏನಾಗಲ್ಲ." ಇವನ್ನು ಓದಿದ ಹುಡುಗನೊಬ್ಬ ತನ್ನ ಹೊಸ ಬೈಕ್ ಹತ್ತಿ ಭಾನುವಾರ ಟ್ರ್ಯಾಕಿಗೆ ಹೊರಟರೆ ಅವನಿಗೆ ನಾವು ಏನು ಹೇಳಬೇಕು?

ಈಗ ಈ ಪ್ರಶ್ನೆ ನಮ್ಮ ಊರಿನದೂ ಹೌದು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಕೋಲಾರದ ಬಳಿ ಸಂತೋಷ್ ಅವರೇ ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್ ಇದೆ. ಹೀರೋ ಎಕ್ಸ್‌ಪಲ್ಸ್, ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನಂಥ ಬೈಕುಗಳು ಊರೂರಲ್ಲಿ ಕಾಣುತ್ತವೆ. ಕೈಯಲ್ಲಿ ಬೈಕಿದೆ, ಒಂದೆರಡು ಗಂಟೆಯ ದೂರದಲ್ಲಿ ಟ್ರ್ಯಾಕ್ ಇದೆ. ಇಲ್ಲದಿರುವುದು ಸರಿಯಾದ ಮಾಹಿತಿ.

ಮೊದಲೇ ಉತ್ತರ ಹೇಳಿಬಿಡುತ್ತೇವೆ. ಟ್ರೇಲ್ ಬೈಕಿನಲ್ಲಿ ಮೋಟೋಕ್ರಾಸ್ ಟ್ರ್ಯಾಕಿಗೆ ಖಂಡಿತ ಇಳಿಯಬಹುದು. ಕಲಿಯುವವರಿಗೆ ಅದು ಒಳ್ಳೆಯ ಬೈಕೇ. ಆದರೆ ಆರಂಭದ ದಿನಗಳಲ್ಲಿ ಎರಡೂ ಚಕ್ರ ನೆಲದ ಮೇಲೆಯೇ ಇರಬೇಕು. ಯಾಕೆ ಎನ್ನುವುದನ್ನು ಒಂದೊಂದು ಮಾತನ್ನೂ ಹಿಡಿದು ನೋಡೋಣ.

ಟ್ರೇಲ್ ಬೈಕ್ ಬೇರೆ, ಮೋಟೋಕ್ರಾಸ್ ಬೈಕ್ ಬೇರೆ

ಮೋಟೋಕ್ರಾಸ್ ಆಟ ಹುಟ್ಟಿದ್ದು ಬ್ರಿಟನ್ನಿನಲ್ಲಿ. 1924ರಲ್ಲಿ ಸರ್ರೆ ಪ್ರಾಂತ್ಯದ ಕ್ಯಾಂಬರ್ಲಿಯಲ್ಲಿ ನಡೆದ ಒಂದು ಸ್ಕ್ರಾಂಬಲ್ ಓಟವನ್ನು ಅದರ ಮೊದಲ ಸ್ಪರ್ಧೆ ಎಂದು ಎಣಿಸುತ್ತಾರೆ. ಆಗ ಗುಡ್ಡಗಾಡಿನಲ್ಲಿ ಸಾಮಾನ್ಯ ಬೈಕುಗಳನ್ನೇ ಓಡಿಸುತ್ತಿದ್ದರು. ಕಾಲ ಕಳೆದಂತೆ ದಿಬ್ಬಗಳು ದೊಡ್ಡದಾದವು. ಅವುಗಳಿಗೆ ತಕ್ಕಂತೆ ಬೈಕುಗಳೂ ಬದಲಾದವು.

ಇವತ್ತಿನ 250 ಸಿಸಿ ಮೋಟೋಕ್ರಾಸ್ ಬೈಕಿನ ತೂಕ ಸುಮಾರು 105ರಿಂದ 110 ಕೆ.ಜಿ. ಅದರ ಶಕ್ತಿ 40 ಅಶ್ವಶಕ್ತಿಯ ಆಸುಪಾಸು. ಸಸ್ಪೆನ್ಷನ್ 300 ಮಿ.ಮೀ.ಗಿಂತ ಹೆಚ್ಚು, ಅಂದರೆ ಒಂದು ಅಡಿಯಷ್ಟು ಕುಗ್ಗುತ್ತದೆ. ಲೈಟ್, ಇಂಡಿಕೇಟರ್, ಕನ್ನಡಿ ಯಾವುದೂ ಇರುವುದಿಲ್ಲ. ಇದಕ್ಕೆ ನೋಂದಣಿ ಆಗದ ಕಾರಣ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ.

ಈಗ ಎಕ್ಸ್‌ಪಲ್ಸ್ 200 4ವಿ ನೋಡಿ. ತೂಕ 158 ಕೆ.ಜಿ. ಆಸುಪಾಸು, ಶಕ್ತಿ ಸುಮಾರು 19 ಅಶ್ವಶಕ್ತಿ. ಸಸ್ಪೆನ್ಷನ್ ಮುಂದೆ 190 ಮಿ.ಮೀ., ಹಿಂದೆ 170 ಮಿ.ಮೀ. ಕುಗ್ಗುತ್ತದೆ. ಹಿಮಾಲಯನ್ 450 ಇನ್ನೂ ಭಾರ, 196 ಕೆ.ಜಿ. ಅದರ ಸಸ್ಪೆನ್ಷನ್ ಎರಡೂ ಕಡೆ 200 ಮಿ.ಮೀ. ಕಲ್ಲು, ಗುಂಡಿ, ಹಳ್ಳ ದಾಟಲು ಇಷ್ಟು ಧಾರಾಳ ಸಾಕು. ಎತ್ತರದಿಂದ ಬೀಳುವ ಪೆಟ್ಟನ್ನು ಮತ್ತೆ ಮತ್ತೆ ತಾಳಲು ಇವು ತಯಾರಾಗಿಲ್ಲ.

"ಹಾಗಾದರೆ ದುಡ್ಡು ಸೇರಿಸಿ ಮೋಟೋಕ್ರಾಸ್ ಬೈಕನ್ನೇ ತಗೊಂಡು ಕಲಿಯೋದು ಒಳ್ಳೆಯದಲ್ವಾ?" ಎಂದು ಕೇಳುವವರಿದ್ದಾರೆ. ಬೇಡ. ಮೋಟೋಕ್ರಾಸ್ ಎಂಜಿನ್ ಸ್ವಲ್ಪ ಆಕ್ಸಿಲರೇಟರ್ ತಿರುವಿದರೂ ಜಿಗಿಯುತ್ತದೆ. ಸೀಟು ಎಷ್ಟು ಎತ್ತರವೆಂದರೆ ಸಾಮಾನ್ಯ ಎತ್ತರದವರಿಗೂ ಎರಡು ಕಾಲು ನೆಲಕ್ಕೆ ಎಟುಕುವುದಿಲ್ಲ. ಟ್ರೇಲ್ ಬೈಕಿನ ಎಂಜಿನ್ ನಿಧಾನವಾಗಿ, ಅಂದಾಜು ಸಿಗುವಂತೆ ಶಕ್ತಿ ಕೊಡುತ್ತದೆ. ಕ್ಲಚ್, ಬ್ರೇಕ್, ತಿರುವು, ದೇಹದ ಭಾರ ಇವನ್ನೆಲ್ಲ ಕಲಿಯುವಾಗ ತಪ್ಪಿಗೆ ಕ್ಷಮೆ ಇರುವ ಬೈಕ್ ಬೇಕು. ಆ ಗುಣ ಟ್ರೇಲ್ ಬೈಕಿನಲ್ಲಿದೆ.

"ಸ್ಪೀಡ್ ಕೊಟ್ಟರೆ ಸಾಕು, ಬೈಕ್ ತಾನೇ ಹಾರುತ್ತೆ"

ಹಾರುವುದೇನೋ ನಿಜ. ಎಲ್ಲಿ ಇಳಿಯುತ್ತದೆ ಎನ್ನುವುದು ಪ್ರಶ್ನೆ. ಹರಿದಾಡುವ ಸಲಹೆಗಳಲ್ಲಿ ಅತಿ ಅಪಾಯಕಾರಿಯಾದದ್ದು ಇದೇ. ಹಾಗಾಗಿ ಸ್ವಲ್ಪ ಲೆಕ್ಕ ಹಾಕೋಣ.

ಮೋಟೋಕ್ರಾಸ್ ಟ್ರ್ಯಾಕಿನಲ್ಲಿ 'ಟೇಬಲ್‌ಟಾಪ್' ಎಂಬ ದಿಬ್ಬ ಇರುತ್ತದೆ. ಹತ್ತಲು ಒಂದು ಏರು, ಮೇಲೆ ಮೇಜಿನಂತೆ ಸಮತಟ್ಟು, ಆಮೇಲೆ ಇಳಿಜಾರು. ಏರು 20 ಡಿಗ್ರಿ, ದಿಬ್ಬದ ಎತ್ತರ 1.2 ಮೀಟರ್, ಮೇಲಿನ ಸಮತಟ್ಟು 6 ಮೀಟರ್, ಅದರಾಚೆಯ ಇಳಿಜಾರು 4 ಮೀಟರ್ ಎಂದುಕೊಳ್ಳಿ. ಶಾಲೆಯಲ್ಲಿ ಕಲಿತ ಉತ್ಕ್ಷೇಪಕ ಚಲನೆಯ ಸೂತ್ರ ಹಾಕಿದರೆ ಸಿಗುವ ಉತ್ತರ ಹೀಗಿದೆ. ಗಾಳಿಯ ತಡೆ, ಸ್ಪ್ರಿಂಗಿನ ಪುಟಿತವನ್ನು ನಾವು ಇಲ್ಲಿ ಎಣಿಸಿಲ್ಲ.

ಗಂಟೆಗೆ 29 ಕಿ.ಮೀ. ವೇಗದಲ್ಲಿ ಹೋದರೆ ಬೈಕ್ ಸುಮಾರು 4 ಮೀಟರ್ ಹಾರಿ, ಮೇಲಿನ ಸಮತಟ್ಟಿನ ಮೇಲೆಯೇ ಇಳಿಯುತ್ತದೆ. ಪೆಟ್ಟು ಸುಮಾರು 40 ಸೆಂ.ಮೀ. ಎತ್ತರದಿಂದ ಬಿದ್ದಷ್ಟು.

36 ಕಿ.ಮೀ. ವೇಗದಲ್ಲಿ ಹೋದರೆ 8 ಮೀಟರಿನ ಹತ್ತಿರ, ಅಂದರೆ ಸರಿಯಾಗಿ ಇಳಿಜಾರಿನ ನಡುವೆ ಇಳಿಯುತ್ತದೆ. ಬೈಕ್ ಕೆಳಮುಖವಾಗಿ ಬರುತ್ತಿರುತ್ತದೆ, ನೆಲವೂ ಕೆಳಮುಖವಾಗಿದೆ. ಹಾಗಾಗಿ ಪೆಟ್ಟು ಬರೀ 20 ಸೆಂ.ಮೀ. ಎತ್ತರದಿಂದ ಬಿದ್ದಷ್ಟು. ವಿಡಿಯೋದಲ್ಲಿ ಬೆಣ್ಣೆಯಂತೆ ನಯವಾಗಿ ಕಾಣುವುದು ಈ ಇಳಿತ.

43 ಕಿ.ಮೀ. ವೇಗದಲ್ಲಿ ಹೋದರೆ ಬೈಕ್ ಇಳಿಜಾರನ್ನೂ ದಾಟಿ 12 ಮೀಟರ್ ದೂರದ ಸಮತಟ್ಟು ನೆಲಕ್ಕೆ ಬಡಿಯುತ್ತದೆ. ಈಗ ಪೆಟ್ಟು ಎರಡು ಮೀಟರ್ ಎತ್ತರದಿಂದ ಬಿದ್ದಷ್ಟು.

ಗಮನಿಸಿ. ನಯವಾದ ಇಳಿತಕ್ಕೂ ಬೆನ್ನುಮೂಳೆ ಅದುರುವ ಇಳಿತಕ್ಕೂ ಇರುವ ಅಂತರ ಗಂಟೆಗೆ 7 ಕಿ.ಮೀ. ಮಾತ್ರ. ವೇಗ ಐದನೇ ಒಂದು ಭಾಗ ಹೆಚ್ಚಾಯಿತು, ಪೆಟ್ಟಿನ ಎತ್ತರ ಹತ್ತು ಪಟ್ಟಾಯಿತು. ಮಣ್ಣಿನ ಏರು ಹತ್ತುತ್ತಾ ಸ್ಪೀಡೋಮೀಟರ್ ನೋಡಲು ಆಗುವುದಿಲ್ಲ. ಅನುಭವಿಗಳು ಈ 7 ಕಿ.ಮೀ.ಯನ್ನು ಕಿವಿಯಿಂದ, ಮೈಯಿಂದ ಅಳೆಯುತ್ತಾರೆ. ಹೊಸಬರ ಮಣಿಕಟ್ಟಿಗೆ ಆ ಅಳತೆ ಇನ್ನೂ ಬಂದಿರುವುದಿಲ್ಲ. "ಅನುಮಾನ ಇದ್ದರೆ ಇನ್ನೂ ಸ್ವಲ್ಪ ಕೊಡು" ಎನ್ನುವ ಸಲಹೆ ಅವರನ್ನು ಮೂರನೆಯ ಉದಾಹರಣೆಗೆ ತಳ್ಳುತ್ತದೆ.

ಎರಡು ಮೀಟರಿನ ಆ ಪೆಟ್ಟನ್ನು ತಡೆಯಬೇಕಾದದ್ದು ಸಸ್ಪೆನ್ಷನ್. 300 ಮಿ.ಮೀ. ಕುಗ್ಗುವ ಮೋಟೋಕ್ರಾಸ್ ಬೈಕಿನಲ್ಲಿ ಬೈಕಿನ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಏಳೆಂಟು ಪಟ್ಟು. 190 ಮಿ.ಮೀ. ಕುಗ್ಗುವ ಟ್ರೇಲ್ ಬೈಕಿನಲ್ಲಿ ಅದು ಹನ್ನೊಂದು ಹನ್ನೆರಡು ಪಟ್ಟು. ಜೊತೆಗೆ ಟ್ರೇಲ್ ಬೈಕಿನ ತೂಕವೂ 50 ಕೆ.ಜಿ. ಹೆಚ್ಚು. ವಾಸ್ತವದಲ್ಲಿ ಅದರ ಮೆದು ಸ್ಪ್ರಿಂಗ್ ಪೂರ್ತಿ ಕುಗ್ಗಿ ತಳ ಹೊಡೆಯುತ್ತದೆ. ಉಳಿದ ಪೆಟ್ಟು ಚೌಕಟ್ಟಿಗೆ, ರಿಮ್ಮಿಗೆ, ಫುಟ್‌ರೆಸ್ಟಿನ ಮೂಲಕ ಸವಾರರ ಪಾದ, ಮಂಡಿ, ಬೆನ್ನುಮೂಳೆಗೆ ಹೋಗುತ್ತದೆ. ತಳ ಹೊಡೆದ ಸ್ಪ್ರಿಂಗ್ ಮರುಕ್ಷಣವೇ ಪುಟಿದು ಹಿಂಬದಿಯನ್ನು ಮೇಲಕ್ಕೆ ಎಸೆಯುವುದೂ ಉಂಟು.

ಹಾಗಾದರೆ ದಿಬ್ಬ ಬಂದಾಗ ಏನು ಮಾಡಬೇಕು? ನಿಧಾನ ಮಾಡಿ, ಮೇಲೆ ಹತ್ತಿ, ಚಕ್ರ ನೆಲ ಬಿಡದಂತೆ ಉರುಳಿಕೊಂಡು ಇಳಿಯಬೇಕು. ಕನ್ನಡದಲ್ಲಿ ಇದನ್ನು ದಿಬ್ಬ ಹತ್ತಿಳಿಯುವುದು ಎನ್ನಬಹುದು. ಟ್ರ್ಯಾಕಿನಲ್ಲಿ 'ರೋಲ್ ಮಾಡುವುದು' ಎನ್ನುತ್ತಾರೆ. ಇದು ನಾಚಿಕೆಯ ವಿಷಯವಲ್ಲ. ಟೇಬಲ್‌ಟಾಪ್ ಕಲಿಯುವವರ ದಿಬ್ಬ ಎನಿಸಿಕೊಂಡಿರುವುದೇ ಈ ಕಾರಣಕ್ಕೆ. ವೇಗ ಕಡಿಮೆಯಾದರೂ ಕೆಳಗೆ ನೆಲವಿದೆ. 'ಡಬಲ್' ಹಾಗಲ್ಲ. ಅದರಲ್ಲಿ ಎರಡು ದಿಬ್ಬಗಳ ನಡುವೆ ಹಳ್ಳ ಇರುತ್ತದೆ. ವೇಗ ಸಾಲದಿದ್ದರೆ ಮುಂದಿನ ಚಕ್ರ ಎರಡನೆಯ ದಿಬ್ಬದ ಗೋಡೆಗೆ ಗುದ್ದುತ್ತದೆ. ಟ್ರೇಲ್ ಬೈಕಿನಲ್ಲಿ ಡಬಲ್ ಹಾರುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ನಿಧಾನವಾಗಿ ಹಳ್ಳಕ್ಕಿಳಿದು ಹತ್ತಿ ಹೋಗಿ.

ಇನ್ನೊಂದು ತಪ್ಪು ಹೆಚ್ಚು ಜನರನ್ನು ಬೀಳಿಸುತ್ತದೆ. ಏರಿನ ತುದಿಯಲ್ಲಿ ಹೆದರಿ ಥಟ್ಟನೆ ಆಕ್ಸಿಲರೇಟರ್ ಬಿಡುವುದು. ಹಾಗೆ ಬಿಟ್ಟಾಗ ಭಾರ ಮುಂದಕ್ಕೆ ಸರಿಯುತ್ತದೆ. ಗಾಳಿಯಲ್ಲಿ ಹಿಂದಿನ ಚಕ್ರದ ಸುತ್ತು ಕಡಿಮೆಯಾದಂತೆ ಬೈಕಿನ ಮೂತಿ ಕೆಳಗೆ ವಾಲುತ್ತದೆ. ಫಲ, ಮುಂದಿನ ಚಕ್ರದ ಮೇಲೆ ತಲೆಕೆಳಗಾಗಿ ಬೀಳುವುದು. ನಿರ್ಧಾರವನ್ನು ಏರಿನ ಬುಡದಲ್ಲೇ ಮಾಡಿ ಮುಗಿಸಿರಬೇಕು. ವೇಗ ಇಳಿಸುವುದಾದರೆ ಏರು ಶುರುವಾಗುವ ಮೊದಲೇ ಇಳಿಸಿ.

"ಮಣ್ಣಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬೇಡಿ"

ಅರ್ಧ ಸತ್ಯ. ಸಡಿಲ ಮಣ್ಣಿನಲ್ಲಿ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದರೆ ಚಕ್ರ ಜಾರಿ ಬೀಳುತ್ತೀರಿ, ನಿಜ. ಆದರೆ ಬ್ರೇಕ್ ಹಾಕಿದಾಗ ಬೈಕಿನ ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಭಾರ ಇರುವ ಕಡೆಯೇ ಹಿಡಿತ ಹೆಚ್ಚು. ಈ ನಿಯಮ ಟಾರು ರಸ್ತೆಯಲ್ಲಿ ಎದ್ದು ಕಾಣುತ್ತದೆ, ಮಣ್ಣಿನಲ್ಲಿ ಸ್ವಲ್ಪ ಕಡಿಮೆ, ಆದರೆ ಇದ್ದೇ ಇದೆ. ಹಿಂದಿನ ಬ್ರೇಕನ್ನೇ ನಂಬಿದರೆ ಹಿಂಚಕ್ರ ನಿಂತು ಎಳೆದುಕೊಂಡು ಹೋಗುತ್ತದೆ, ಬೈಕ್ ಮಾತ್ರ ನಿಲ್ಲುವುದಿಲ್ಲ.

ಸರಿಯಾದ ಕ್ರಮ ಹೀಗೆ. ಬೈಕ್ ನೆಟ್ಟಗಿರುವಾಗ, ನೇರ ಹೋಗುವಾಗ, ಒಂದು ಬೆರಳಿನಿಂದ ನಿಧಾನವಾಗಿ ಮುಂದಿನ ಬ್ರೇಕ್ ಹಿಂಡಿ. ಜೊತೆಗೆ ಹಿಂದಿನದನ್ನೂ ಒತ್ತಿ. ಬೈಕ್ ತಿರುವಿಗೆ ವಾಲುವ ಮೊದಲು ಬಿಡುತ್ತಾ ಬನ್ನಿ. ವಾಲಿದ ಬೈಕಿನಲ್ಲಿ ಮುಂದಿನ ಬ್ರೇಕ್ ಹಿಡಿಯುವುದು ತಪ್ಪು, ಬ್ರೇಕೇ ತಪ್ಪಲ್ಲ. ನಿಮ್ಮ ಬೈಕಿನ ಎಬಿಎಸ್‌ಗೆ ಆಫ್-ರೋಡ್ ಮೋಡ್ ಇದ್ದರೆ ಟ್ರ್ಯಾಕಿನಲ್ಲಿ ಅದನ್ನು ಹಾಕಿಕೊಳ್ಳಿ. ವಾಪಸ್ ರಸ್ತೆಗೆ ಬರುವಾಗ ಮರೆಯದೆ ಬದಲಿಸಿ.

"ನಿಂತು ಓಡಿಸಿದರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತೆ"

ಇದನ್ನು ಕಲಿಸುವವರ ಬಾಯಲ್ಲೂ ಕೇಳಿದ್ದೇವೆ. ನಿಂತು ಓಡಿಸುವುದು ಸರಿ, ಕೊಡುವ ಕಾರಣ ತಪ್ಪು. 70 ಕೆ.ಜಿ. ತೂಕದವರು 158 ಕೆ.ಜಿ. ಬೈಕಿನ ಮೇಲೆ 30 ಸೆಂ.ಮೀ. ಮೇಲೆದ್ದರೆ ಇಬ್ಬರ ಒಟ್ಟು ಗುರುತ್ವ ಕೇಂದ್ರ ಸುಮಾರು 9 ಸೆಂ.ಮೀ. ಮೇಲಕ್ಕೆ ಹೋಗುತ್ತದೆ, ಕೆಳಗಲ್ಲ.

ಹಾಗಾದರೆ ಲಾಭವೇನು? ಕೂತಾಗ ನಿಮ್ಮ ಭಾರ ಬೈಕಿಗೆ ಅಂಟಿಕೊಂಡಿರುತ್ತದೆ. ಹಿಂಚಕ್ರ ಗುಂಡಿಗೆ ಬಿದ್ದು ಎದ್ದಾಗ ಸೀಟು ನಿಮ್ಮನ್ನೂ ಎಸೆಯುತ್ತದೆ. ನಿಂತಾಗ ಮಂಡಿ, ಸೊಂಟ ಮಡಚಿ ಬಿಚ್ಚಿ ಇನ್ನೊಂದು ಸಸ್ಪೆನ್ಷನ್‌ನಂತೆ ಕೆಲಸ ಮಾಡುತ್ತವೆ. ಬೈಕ್ ಕೆಳಗೆ ಕುಣಿಯುತ್ತಿದ್ದರೂ ತಲೆ ಒಂದೇ ಮಟ್ಟದಲ್ಲಿರುತ್ತದೆ. 190 ಮಿ.ಮೀ. ಸಸ್ಪೆನ್ಷನ್ ಇರುವ ಬೈಕಿಗೆ ನಿಮ್ಮ ಕಾಲುಗಳೇ ಉಳಿದ ಮಿಲಿಮೀಟರುಗಳನ್ನು ಕೊಡಬೇಕು.

ಮಂಡಿಗಳಿಂದ ಟ್ಯಾಂಕ್ ಅಪ್ಪಿ ಹಿಡಿಯಿರಿ. ಮೊಣಕೈ ಹೊರಗೆ, ಹ್ಯಾಂಡಲ್ ಮೇಲೆ ಕೈ ಹಗುರ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದವರಿಗೆ ಹತ್ತು ನಿಮಿಷದಲ್ಲಿ ಮುಂದೋಳು ಕಲ್ಲಾಗಿ ಬೆರಳು ಮಡಚಲು ಬಾರದಂತಾಗುತ್ತದೆ. "ಜಿಮ್‌ಗೆ ಹೋಗು, ಸರಿ ಹೋಗುತ್ತೆ" ಎನ್ನುತ್ತಾರೆ. ಹೊಸಬರಲ್ಲಿ ಕಾರಣ ಸಾಮಾನ್ಯವಾಗಿ ಕೈಯ ದೌರ್ಬಲ್ಯವಲ್ಲ. ಕಾಲು ಮಾಡಬೇಕಾದ ಕೆಲಸವನ್ನು ಕೈ ಮಾಡುತ್ತಿರುತ್ತದೆ. ಬ್ರೇಕ್ ಹಿಡಿಯಲು ಬೆರಳು ಬಾರದಿದ್ದರೆ ಅದು ಹೊರಗೆ ಬರಬೇಕು ಎಂಬ ಸೂಚನೆ.

"ಕೆಳಗೆ ಮಣ್ಣು, ಬಿದ್ದರೂ ಏನಾಗಲ್ಲ"

ಟ್ರ್ಯಾಕಿನಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಕರೆಂಟ್ ಕಂಬ ಇರುವುದಿಲ್ಲ. ಈ ಅರ್ಥದಲ್ಲಿ ಅದು ರಸ್ತೆಗಿಂತ ವಾಸಿ. ಆದರೆ ಟ್ರ್ಯಾಕಿನ ಮಣ್ಣು ಉಳುಮೆಯ ಹೊಲದ ಮಣ್ಣಲ್ಲ. ಚಕ್ರಗಳ ಕೆಳಗೆ ತುಳಿಸಿಕೊಂಡು, ಬಿಸಿಲಿಗೆ ಒಣಗಿ ಗಟ್ಟಿಯಾಗಿರುತ್ತದೆ. ಬೀಳುವಾಗ ಕೈ ಊರುವುದು ಸಹಜ ಪ್ರತಿಕ್ರಿಯೆ. ಅದರಿಂದಲೇ ಮಣಿಕಟ್ಟು, ಕೊರಳೆಲುಬು ಮುರಿಯುತ್ತವೆ. ತಿರುವಿನಲ್ಲಿ ಕಾಲು ಊರಿದಾಗ ಪಾದ, ಮಂಡಿ ತಿರುಚುತ್ತವೆ. ಬಿದ್ದವರ ಮೇಲೆ ಅವರದೇ ಬೈಕ್ ಬೀಳುವುದೂ ಇದೆ. 158 ಕೆ.ಜಿ. ತೂಕದ ಬೈಕಿಗೂ 108 ಕೆ.ಜಿ. ಬೈಕಿಗೂ ಆಗ ವ್ಯತ್ಯಾಸ ತಿಳಿಯುತ್ತದೆ.

ಕ್ಯಾನ್ವಾಸ್ ಶೂ, ಜೀನ್ಸ್ ಹಾಕಿ ಇಳಿಯಬೇಡಿ. ಮಂಡಿಯವರೆಗಿನ ಗಟ್ಟಿ ಆಫ್-ರೋಡ್ ಬೂಟು, ಮಂಡಿ ಮತ್ತು ಮೊಣಕೈ ಗಾರ್ಡ್, ಎದೆ-ಬೆನ್ನು ಕಾಪು, ಗ್ಲೌಸ್, ಗಾಗಲ್, ಸರಿಯಾದ ಅಳತೆಯ ಹೆಲ್ಮೆಟ್ ಬೇಕು. ಕೊಳ್ಳುವ ಮೊದಲು ತರಬೇತಿ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತವೆಯೇ ಎಂದು ಕೇಳಿ. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬಳಸಬೇಡಿ. ಒಳಗಿನ ಥರ್ಮೋಕೋಲ್‌ನಂಥ ಪದರ ಒಂದು ಸಲ ಕುಗ್ಗಿ ಪೆಟ್ಟು ನುಂಗಲು ಮಾತ್ರ ಇರುವುದು.

"ಬಿದ್ದವರ ಹೆಲ್ಮೆಟ್ ಬೇಗ ತೆಗೆದು ನೀರು ಕುಡಿಸಿ"

ಒಳ್ಳೆಯ ಮನಸ್ಸಿನಿಂದ ಮಾಡುವ ಈ ಕೆಲಸ ಜೀವಕ್ಕೆ ಎರವಾಗಬಹುದು. ಕುತ್ತಿಗೆಯ ಮೂಳೆಗೆ ಪೆಟ್ಟಾಗಿದ್ದರೆ ಹೆಲ್ಮೆಟ್ ಎಳೆಯುವ ಭರದಲ್ಲಿ ನರಹುರಿಗೆ ಹಾನಿಯಾಗಬಹುದು. ಅರೆಪ್ರಜ್ಞೆಯಲ್ಲಿರುವವರಿಗೆ ಕುಡಿಸಿದ ನೀರು ಶ್ವಾಸಕೋಶಕ್ಕೆ ಹೋಗಬಹುದು.

ಟ್ರ್ಯಾಕಿನಲ್ಲಿ ಮೊದಲ ಕೆಲಸ ಬೇರೆಯೇ ಇದೆ. ಯಾರಾದರೊಬ್ಬರು ದಿಬ್ಬದ ಹಿಂದಕ್ಕೆ ಓಡಿ, ಬರುವ ಸವಾರರಿಗೆ ಕಾಣುವಂತೆ ಕೈ ಬೀಸಬೇಕು. ದಿಬ್ಬದ ಆಚೆ ಬಿದ್ದವರು ಹಿಂದಿನಿಂದ ಬರುವವರಿಗೆ ಕಾಣುವುದೇ ಇಲ್ಲ. ಬಿದ್ದವರಿಗೆ ಪ್ರಜ್ಞೆ ಇಲ್ಲದಿದ್ದರೆ, ಕುತ್ತಿಗೆ ಅಥವಾ ಬೆನ್ನು ನೋವು, ಕೈಕಾಲು ಜೋಮು ಎಂದರೆ ಅಲುಗಾಡಿಸಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ. ಉಸಿರಾಟ ನೋಡಲು ಹೆಲ್ಮೆಟ್ಟಿನ ಗಾಗಲ್ ಮಾತ್ರ ಸರಿಸಿ. ಉಸಿರಾಟಕ್ಕೇ ತೊಂದರೆ ಇದ್ದು ಹೆಲ್ಮೆಟ್ ತೆಗೆಯಲೇಬೇಕಾದರೆ ಇಬ್ಬರು ಬೇಕು. ಒಬ್ಬರು ತಲೆ, ಕುತ್ತಿಗೆ ಅಲುಗದಂತೆ ಹಿಡಿದಿರಬೇಕು, ಇನ್ನೊಬ್ಬರು ನಿಧಾನವಾಗಿ ತೆಗೆಯಬೇಕು.

ಎದ್ದು ನಿಂತು "ಏನಿಲ್ಲ, ಚೆನ್ನಾಗಿದೀನಿ" ಎಂದವರನ್ನೂ ಗಮನಿಸುತ್ತಿರಿ. ಪ್ರಜ್ಞೆ ತಪ್ಪದೆಯೂ ಮೆದುಳಿಗೆ ಅದುರುಪೆಟ್ಟು ಆಗಿರಬಹುದು. ತಲೆನೋವು, ವಾಂತಿ, ಮಂಪರು, ಕೇಳಿದ್ದನ್ನೇ ಮತ್ತೆ ಕೇಳುವುದು, ಎಲ್ಲಿದ್ದೇನೆ ಎಂದು ತಡಕಾಡುವುದು ಇದರ ಲಕ್ಷಣಗಳು. ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ತಲೆಗೆ ಪೆಟ್ಟಾದವರು ಆ ದಿನ ಮತ್ತೆ ಬೈಕ್ ಹತ್ತಬಾರದು, ವೈದ್ಯರನ್ನು ನೋಡಬೇಕು. 2021ರ ಡಾಕರ್‌ನಲ್ಲಿ ಬಿದ್ದ ಸಂತೋಷ್ ಅವರನ್ನು ತಲೆಯ ಪೆಟ್ಟಿನಿಂದಾಗಿ ವೈದ್ಯರು ಕೆಲದಿನ ಔಷಧ ಕೊಟ್ಟು ನಿದ್ರಾವಸ್ಥೆಯಲ್ಲಿ ಇರಿಸಬೇಕಾಯಿತು. ಅವರು ಚೇತರಿಸಿಕೊಂಡರು. ವರ್ಷಗಟ್ಟಲೆ ತರಬೇತಿ ಪಡೆದವರಿಗೇ ಹೀಗಾಗುವಾಗ ಹೊಸಬರು ತಲೆಯ ಪೆಟ್ಟನ್ನು ಹಗುರವಾಗಿ ಎಣಿಸುವಂತಿಲ್ಲ.

"ಖಾಲಿ ಟ್ರ್ಯಾಕ್ ಸಿಕ್ಕರೆ ಒಬ್ಬನೇ ಪ್ರಾಕ್ಟೀಸ್ ಮಾಡು"

ಖಾಲಿ ಟ್ರ್ಯಾಕಿನಲ್ಲಿ ಗುದ್ದುವವರಿಲ್ಲ, ಎತ್ತುವವರೂ ಇಲ್ಲ. ಕಾಲಿನ ಮೇಲೆ ಬೈಕ್ ಬಿದ್ದು, ಬಿಸಿ ಸೈಲೆನ್ಸರ್ ಮೈಗೆ ತಾಗುತ್ತಿದ್ದರೆ ಒಬ್ಬರೇ ಏನೂ ಮಾಡಲಾಗದು. ಒಬ್ಬರಾದರೂ ಜೊತೆಗಿರಲಿ.

ಜನ ಇರುವ ಟ್ರ್ಯಾಕಿಗೆ ಅದರದೇ ನಿಯಮಗಳಿವೆ. ಟ್ರ್ಯಾಕ್ ಯಾವಾಗಲೂ ಏಕಮುಖ. ಎಂಥ ಪರಿಸ್ಥಿತಿಯಲ್ಲೂ ಹಿಂದಕ್ಕೆ ತಿರುಗಬೇಡಿ, ಅಡ್ಡ ದಾಟಬೇಡಿ. ಒಳಗೆ ಬರಲು, ಹೊರಗೆ ಹೋಗಲು ಗುರುತಿಸಿದ ಜಾಗವನ್ನೇ ಬಳಸಿ. ಹಿಂದಿನಿಂದ ವೇಗದ ಬೈಕಿನ ಸದ್ದು ಬಂದರೆ ಹೊಸಬರು ಹೆದರಿ ಪಕ್ಕಕ್ಕೆ ಸರಿಯುತ್ತಾರೆ. ಅಪಘಾತ ಆಗುವುದೇ ಆಗ. ನೀವು ಹೋಗುತ್ತಿರುವ ಗೆರೆಯಲ್ಲೇ ಹೋಗಿ, ದಾಟುವ ಜವಾಬ್ದಾರಿ ಹಿಂದಿನವರದು. ನೀವು ಅತ್ತಿತ್ತ ಹೋದರೆ ಅವರಿಗೆ ಅಂದಾಜು ಸಿಗುವುದಿಲ್ಲ. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯವಿದೆ ಎಂದರ್ಥ. ನಿಧಾನ ಮಾಡಿ, ಯಾರನ್ನೂ ದಾಟಬೇಡಿ, ದಿಬ್ಬ ಹಾರಬೇಡಿ. ಕೆಂಪು ಬಾವುಟ ಬಂದರೆ ಓಟ ನಿಂತಂತೆ.

ಬೈಕ್ ಕೆಟ್ಟು ನಿಂತರೆ ದಿಬ್ಬದ ಇಳಿಬದಿಯಲ್ಲಿ ಕೂತು ಕಿಕ್ ಹೊಡೆಯುತ್ತಿರಬೇಡಿ. ಮೊದಲು ಟ್ರ್ಯಾಕಿನ ಅಂಚಿಗೆ ತಳ್ಳಿ. ತಳ್ಳಲಾಗದಿದ್ದರೆ ಬೈಕ್ ಬಿಟ್ಟು ನೀವು ಹೊರಗೆ ಬನ್ನಿ.

ಬೈಕಿಗೆ ಏನು ತಯಾರಿ?

ಕನ್ನಡಿ, ಇಂಡಿಕೇಟರ್, ಲಗೇಜ್ ಕ್ಯಾರಿಯರ್ ಬಿಚ್ಚಿಡಿ. ಬಿದ್ದಾಗ ಅವು ಮುರಿಯುತ್ತವೆ, ಚುಚ್ಚುತ್ತವೆ. ಹೆಡ್‌ಲೈಟ್ ಗಾಜಿಗೆ ಟೇಪ್ ಅಂಟಿಸಿ. ಸೈಡ್ ಸ್ಟ್ಯಾಂಡ್ ಜಾರಿ ಇಳಿಯದಂತೆ ಕಟ್ಟಿ. ಚೈನ್, ಕಡ್ಡಿ, ಬ್ರೇಕ್, ಹ್ಯಾಂಡಲ್ ನಟ್ಟುಗಳನ್ನು ನೋಡಿ.

"ಟೈರ್ ಗಾಳಿ ಪೂರ್ತಿ ಇಳಿಸು, ಗ್ರಿಪ್ ಸಿಗುತ್ತೆ" ಎಂಬ ಸಲಹೆಯೂ ಅರ್ಧವೇ ನಿಜ. ಗಾಳಿ ಕಡಿಮೆಯಾದರೆ ಟೈರ್ ಅಗಲವಾಗಿ ನೆಲ ಮುಟ್ಟುತ್ತದೆ, ಹಿಡಿತ ಹೆಚ್ಚುತ್ತದೆ. ಮೋಟೋಕ್ರಾಸ್ ಬೈಕುಗಳಲ್ಲಿ 12ರಿಂದ 15 ಪಿಎಸ್‌ಐ ಇಡುತ್ತಾರೆ. ಆದರೆ ಭಾರದ ಟ್ರೇಲ್ ಬೈಕಿನಲ್ಲಿ ಅಷ್ಟು ಇಳಿಸಿದರೆ ಕಲ್ಲು, ದಿಬ್ಬದ ಅಂಚಿಗೆ ಬಡಿದಾಗ ರಿಮ್ ಮತ್ತು ನೆಲದ ನಡುವೆ ಟ್ಯೂಬ್ ಸಿಕ್ಕಿ ಕತ್ತರಿಸಿಹೋಗುತ್ತದೆ. ರಸ್ತೆಯ ಒತ್ತಡಕ್ಕಿಂತ ಕಡಿಮೆ, ಮೋಟೋಕ್ರಾಸಿಗಿಂತ ಹೆಚ್ಚು ಎನ್ನುವುದು ಸರಿಯಾದ ದಾರಿ. ನಿಮ್ಮ ತೂಕ, ಟೈರ್ ನೋಡಿ ತರಬೇತುದಾರರು ಹೇಳುತ್ತಾರೆ. ಮನೆಗೆ ಹೊರಡುವ ಮೊದಲು ಮತ್ತೆ ತುಂಬಿಸಿ.

"ಇನ್ಶೂರೆನ್ಸ್ ಇದೆಯಲ್ಲ" ಎಂದು ನಿಶ್ಚಿಂತರಾಗಬೇಡಿ. ವಾಹನ ವಿಮೆಯ ಷರತ್ತುಗಳಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆಯಂಥ ಬಳಕೆಯನ್ನು ಹೊರಗಿಟ್ಟಿರುತ್ತಾರೆ. ಆರೋಗ್ಯ ವಿಮೆಗಳಲ್ಲೂ ವೃತ್ತಿಪರವಾಗಿ ಸಾಹಸ ಕ್ರೀಡೆ, ಮೋಟಾರ್ ರೇಸಿಂಗ್‌ನಲ್ಲಿ ಭಾಗವಹಿಸಿ ಆದ ಗಾಯಕ್ಕೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಹವ್ಯಾಸದ ತರಬೇತಿ ಯಾವ ಕಡೆಗೆ ಬರುತ್ತದೆ ಎಂದು ನಿಮ್ಮ ಪಾಲಿಸಿ ಓದಿ, ಕಂಪನಿಯನ್ನು ಬರಹದಲ್ಲಿ ಕೇಳಿ.

ಮೊದಲ ದಿನ ಹೀಗಿರಲಿ

ಬೆಳಿಗ್ಗೆ ಬೇಗ ಹೋಗಿ. ಗಾರ್ಡುಗಳ ಒಳಗೆ ಮೈ ಬೇಗ ಕಾಯುತ್ತದೆ, ನೀರು ಜೊತೆಗಿರಲಿ. ಬೈಕ್ ಹತ್ತುವ ಮೊದಲು ಟ್ರ್ಯಾಕನ್ನು ಒಂದು ಸುತ್ತು ನಡೆದು ನೋಡಿ. ಬೈಕಿನ ಮೇಲಿಂದ ಚಿಕ್ಕದಾಗಿ ಕಂಡ ದಿಬ್ಬ ಕಾಲ ಬುಡದಲ್ಲಿ ಎಷ್ಟು ಎತ್ತರ ಎಂದು ಆಗ ತಿಳಿಯುತ್ತದೆ. ಅದರಾಚೆ ಏನಿದೆ ಎಂಬುದೂ ಕಾಣುತ್ತದೆ. ಧೂಳಿಗೆ ನೀರು ಹೊಡೆದ ಜಾಗ ಜಾರುತ್ತದೆ, ಗುರುತಿಟ್ಟುಕೊಳ್ಳಿ.

ಹೊಸಬರ ಗುಂಪಿನಲ್ಲೇ ಇಳಿಯಿರಿ. ಮೊದಲ ಸುತ್ತುಗಳು ಎರಡನೇ ಗೇರಿನಲ್ಲಿ, ನಿಂತುಕೊಂಡು, ಎಲ್ಲ ದಿಬ್ಬಗಳನ್ನೂ ಹತ್ತಿಳಿಯುತ್ತಾ ಸಾಗಲಿ. ಹತ್ತು ಹದಿನೈದು ನಿಮಿಷ ಓಡಿಸಿ, ಹೊರಗೆ ಬಂದು ಕೂತು, ಮತ್ತೆ ಹೋಗಿ. ತಿರುವು, ಬ್ರೇಕ್, ನಿಲುವು ಮೈಗೆ ಹತ್ತಿದ ಮೇಲೆ ಹಾರುವ ಪಾಠ. ಅದೂ ತರಬೇತುದಾರರ ಎದುರು, ಒಂದೇ ಸಣ್ಣ ಟೇಬಲ್‌ಟಾಪ್ ಮೇಲೆ, ಸಮತಟ್ಟಿನಲ್ಲೇ ಇಳಿಯುವಷ್ಟು ವೇಗದಲ್ಲಿ. "ಇನ್ನೊಂದೇ ಸುತ್ತು" ಎಂದು ದಣಿದ ಮೈಯಲ್ಲಿ ಹೋಗುವ ಕೊನೆಯ ಸುತ್ತು ಬೇಡ.

ಇನ್ನೊಂದು ಮಾತು. ಟ್ರ್ಯಾಕಿಗೆ ದುಡ್ಡು ಕೊಡುವುದೇಕೆ, ಮಲೆನಾಡಿನ ಗುಡ್ಡ ಇದೆಯಲ್ಲ ಎನ್ನುವವರಿದ್ದಾರೆ. ಹುಲ್ಲುಗಾವಲಿನ ಮೇಲೆ ಚಕ್ರ ಕೊರೆದ ಜಾಡು ಮಳೆಗಾಲದಲ್ಲಿ ನೀರಿನ ಕಾಲುವೆಯಾಗಿ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಅಲ್ಲಿ ಬಿದ್ದರೆ ಆಂಬ್ಯುಲೆನ್ಸ್ ಬರಲು ದಾರಿಯೂ ಇರುವುದಿಲ್ಲ. ಕಲಿಯಲು ಟ್ರ್ಯಾಕೇ ಸರಿಯಾದ ಜಾಗ.

ಒಟ್ಟಿನಲ್ಲಿ, ಟ್ರೇಲ್ ಬೈಕ್ ಮೋಟೋಕ್ರಾಸ್ ಟ್ರ್ಯಾಕಿಗೆ ಅಯೋಗ್ಯ ಎನ್ನುವುದು ಸುಳ್ಳು. ಮೋಟೋಕ್ರಾಸ್ ಬೈಕ್ ಮಾಡುವುದನ್ನೆಲ್ಲ ಅದೂ ಮಾಡುತ್ತದೆ ಎನ್ನುವುದೂ ಸುಳ್ಳು. ವಿಡಿಯೋದಲ್ಲಿ ಕಾಣುವುದು ಹದಿನೈದು ಸೆಕೆಂಡಿನ ಹಾರಾಟ, ಅದರ ಹಿಂದಿನ ನೂರಾರು ಸುತ್ತುಗಳು ಕಾಣುವುದಿಲ್ಲ. ಮುಂದಿನ ಸಲ ಅಂಥ ವಿಡಿಯೋ ಬಂದು, ನಿಮ್ಮ ಗುಂಪಿನಲ್ಲಿ ಹೊಸ ಬೈಕ್ ಕೊಂಡ ಹುಡುಗ ಅಥವಾ ಹುಡುಗಿ ಇದ್ದರೆ, ಜೊತೆಗೆ ಈ ಎರಡು ಸಾಲನ್ನೂ ಕಳಿಸಿ. ಎರಡೂ ಚಕ್ರ ನೆಲದ ಮೇಲಿರಲಿ. ಬಿದ್ದವರ ಹೆಲ್ಮೆಟ್ ಎಳೆಯಬೇಡಿ.